ಅಗ್ನಿಮೂಲೆಯ ಟೆಸ್ಟ್ ಗುಂಡಿ

ಕಲಿಯುವವರ ತಪ್ಪನ್ನು ಮುಚ್ಚಿಹಾಕಲು ಪ್ರತಿಯೊಂದು ವೃತ್ತಿಯಲ್ಲೂ ಒಂದೊಂದು ಏರ್ಪಾಟು ಇರುತ್ತದೆ. ಹೊಸದಾಗಿ ಅಡುಗೆಗೆ ಸೇರಿದವನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಇನ್ನೊಂದು ಕೊಡ ನೀರು ಸುರಿದು ಅದನ್ನೇ ತಿಳಿಸಾರು ಎಂದು ಬಡಿಸಬಹುದು. ಹೊಸ ದರ್ಜಿ ಪ್ಯಾಂಟನ್ನು ಗಿಡ್ಡ ಮಾಡಿದರೆ ಈಗ ಇದೇ ಫ್ಯಾಷನ್ ಎನ್ನಬಹುದು. ಹೊಸ ವಕೀಲ ವಾಯಿದೆ ಕೇಳಬಹುದು. ಸಿವಿಲ್ ಎಂಜಿನಿಯರಿಂಗ್ ಓದುವವನಿಗೆ ಮಾತ್ರ ಈ ಸೌಕರ್ಯವಿಲ್ಲ. ಅವನ ತಪ್ಪನ್ನು ಬೀದಿಯವರೆಲ್ಲ ಬಂದು ಬಗ್ಗಿ ನೋಡಬಹುದು. ನನ್ನದು ಎಂಟಡಿ ಉದ್ದ, ಆರಡಿ ಅಗಲ, ಐದೂವರೆ ಅಡಿ ಆಳ ಇತ್ತು. ಅಳತೆ ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣ, ಅದನ್ನು ತೋಡಿಸಿದವನೂ ನಾನೇ, ಮುಚ್ಚಿದವನೂ ನಾನೇ.

ಬನಶಂಕರಿಯಲ್ಲಿರುವ ನನ್ನ ಪುಟ್ಟ ಕಚೇರಿಯ ಗೋಡೆಯ ಮೇಲೆ, ಗಣಪತಿಯ ಕ್ಯಾಲೆಂಡರಿನ ಪಕ್ಕದಲ್ಲಿ, ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟ್ ಇದೆ. ನಾನು ವಿದ್ಯಾರ್ಥಿಯಾಗಿದ್ದಾಗ ನಾಲ್ಕು ವಾರ ಕೆಲಸ ಮಾಡಿದ್ದಕ್ಕೆ ಕೊಟ್ಟದ್ದು. ಈತ ಶ್ರದ್ಧೆಯಿಂದ ಕೆಲಸ ಮಾಡಿದ್ದಾನೆ, ಅದರಲ್ಲೂ ಮಣ್ಣಿನ ಪರೀಕ್ಷೆಯನ್ನು ಸ್ವತಃ ನಿಂತು ನಡೆಸಿದ್ದಾನೆ ಎಂದು ಅದರಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದೆ. ಮನೆ ಕಟ್ಟಿಸಲು ಬರುವವರು ಅದನ್ನು ಓದಿ ತಲೆದೂಗುತ್ತಾರೆ. ನಾನು ವಿನಯದಿಂದ ನೆಲ ನೋಡುತ್ತೇನೆ. ಅದು ವಿನಯವಲ್ಲ, ನಾಚಿಕೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಲು ಕಾರಣವಿದೆ. ಕೊನೆಯಲ್ಲಿ ಅದಕ್ಕೇ ಬರುತ್ತೇನೆ.

ನಮ್ಮ ಕಾಲೇಜಿನಲ್ಲಿ ಮೂರನೆಯ ವರ್ಷ ಮುಗಿದ ಮೇಲೆ ಎಲ್ಲರೂ ನಾಲ್ಕು ವಾರ ಎಲ್ಲಾದರೂ ಕೆಲಸ ಮಾಡಿ ಸರ್ಟಿಫಿಕೇಟ್ ತರಬೇಕಿತ್ತು. ತರದಿದ್ದರೆ ಆ ಸೆಮಿಸ್ಟರ್ ಪಾಸಾದಂತೆ ಅಲ್ಲ. ಕೆಲಸ ಮಾಡಬೇಕು ಎಂಬ ಮಾತನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಸರ್ಟಿಫಿಕೇಟ್ ತರಬೇಕು ಎಂಬುದನ್ನು ಮಾತ್ರ ತೆಗೆದುಕೊಂಡಿದ್ದರು. ನನ್ನ ಕ್ಲಾಸಿನ ಅರ್ಧ ಜನ ಮಾವ, ಚಿಕ್ಕಪ್ಪಂದಿರ ಕಂಪನಿಗಳಲ್ಲಿ ಮನೆಯಿಂದಲೇ ನಾಲ್ಕು ವಾರ ದುಡಿದು ಬಂದರು. ನನ್ನ ದುರದೃಷ್ಟಕ್ಕೆ ನಮ್ಮ ಬಂಧುಬಳಗದಲ್ಲಿ ಇದ್ದವರೆಲ್ಲ ವಿಲ್ಸನ್ ಗಾರ್ಡನ್ನಿನ ಬಟ್ಟೆ ವ್ಯಾಪಾರಿಗಳು. ಸೀರೆ ಮಡಿಸಿದ್ದಕ್ಕೆ ಸಿವಿಲ್ ಎಂಜಿನಿಯರಿಂಗ್ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ. ಕೊನೆಗೆ ಅಪ್ಪ ತಮ್ಮ ಅಂಗಡಿಯ ಹಳೆಯ ಗಿರಾಕಿಯಾದ ಸದಾಶಿವಯ್ಯ ಎಂಬ ಕಟ್ಟಡದ ಎಂಜಿನಿಯರ ಬಳಿ ನನ್ನನ್ನು ಕರೆದೊಯ್ದರು.

ಸದಾಶಿವಯ್ಯನವರ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲಿತ್ತು. ಹಣೆಯ ತುಂಬ ವಿಭೂತಿ, ಜೇಬಿನ ತುಂಬ ಪೆನ್ನು. ಒಂದೇ ಹೊತ್ತಿಗೆ ಐದು ಸೈಟುಗಳಲ್ಲಿ ಇರುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿನ್ನುತ್ತಲೇ ಫೋನಿನಲ್ಲಿ, "ಸೈಟಲ್ಲೇ ಇದ್ದೀನಿ ಸಾರ್, ಮೇಸ್ತ್ರಿ ಪಕ್ಕದಲ್ಲೇ ಇದಾನೆ" ಎನ್ನುತ್ತಿದ್ದರು. ಪಕ್ಕದಲ್ಲಿ ನಾನು ಇರುತ್ತಿದ್ದೆ. ಇದನ್ನು ವೃತ್ತಿಕೌಶಲ ಎಂದು ಆಗ ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು, ಈಗ ನಾನೂ ಹಾಗೇ ಹೇಳುತ್ತೇನೆ. "ಹುಡುಗ ಹೊಸಕೆರೆಹಳ್ಳಿ ಸೈಟ್ ನೋಡ್ಕೊಳ್ಳಲಿ" ಎಂದು ಅಪ್ಪನಿಗೆ ಹೇಳಿ, ನನಗೆ ಒಂದು ಹಳದಿ ಹೆಲ್ಮೆಟ್ ಕೊಟ್ಟರು. ಆಗಿನ್ನೂ ಸೈಟಿನಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ. ತಲೆಯ ಮೇಲೆ ಬೀಳಲು ಇದ್ದದ್ದು ಆಕಾಶ ಒಂದೇ. ಆದರೂ ಅಮ್ಮ ಹೆಲ್ಮೆಟ್ ಹಾಕಿಸಿ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. "ಯಾವ ಡ್ಯಾಮ್ ಕಟ್ತಿದಾನೆ?" ಎಂದು ಅತ್ತೆ ಕೇಳಿದರು. ಅಮ್ಮ ಒಂದು ನಗುಮುಖ ಹಾಕಿದಳೇ ಹೊರತು ಅಲ್ಲಗಳೆಯಲಿಲ್ಲ.

ಸೈಟು ಕೃಷ್ಣೇಗೌಡರದು. ಹಿಂದೆ ಹೊಲವಾಗಿದ್ದ ಜಾಗ ಈಗ ಬೀದಿಯಾಗಿತ್ತು, ಗೌಡರು ಆ ಬೀದಿಯ ಅರ್ಧ ಮನೆಗಳ ಬಾಡಿಗೆ ವಸೂಲು ಮಾಡುತ್ತಿದ್ದರು. ಇನ್ನೊಂದು ಮನೆ ಕಟ್ಟಿಸುತ್ತಿದ್ದರು. ಪಕ್ಕದಲ್ಲೇ ಅವರ ಹಳೆಯ ಮನೆ. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರ ತಾಯಿ, ನಿಂಗಮ್ಮಜ್ಜಿ, ಅವರೆಕಾಯಿ ಸುಲಿಯುತ್ತ ದಿನವಿಡೀ ನಮ್ಮ ಕೆಲಸ ನೋಡುತ್ತಿದ್ದರು. ಕೆಲಸ ಮಾಡುತ್ತಿದ್ದವರು ಮುನಿಯಪ್ಪ ಮೇಸ್ತ್ರಿ ಮತ್ತು ಅವರ ನಾಲ್ಕು ಜನ. ನಾನು ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಿದ್ದೆ. ಮುನಿಯಪ್ಪನವರು ಮೂವತ್ತು ವರ್ಷಗಳಿಂದ ಮನೆ ಕಟ್ಟುತ್ತಿದ್ದವರು, ತಲೆಗೆ ಒಂದು ಟವಲು ಬಿಟ್ಟರೆ ಬೇರೆ ರಕ್ಷಣೆ ಇಲ್ಲದವರು. ನನ್ನನ್ನು ಮೊದಲ ದಿನದಿಂದಲೇ 'ಎಂಜಿನಿಯರ್ ಸಾರ್' ಎಂದರು. ಇನ್ನೂ ಎಂಜಿನಿಯರ್ ಆಗಿಲ್ಲ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಇನ್ನೂ ಬಂದಿಲ್ಲ.

ಮೂರನೆಯ ದಿನ ಬೆಳಗ್ಗೆ ಸದಾಶಿವಯ್ಯನವರ ಫೋನ್ ಬಂತು. ಹಿಂದೆ ಕಾಫಿ ಲೋಟಗಳ ಸದ್ದು ಕೇಳುತ್ತಿತ್ತು. "ನಾನು ಇನ್ನೊಂದು ಸೈಟಲ್ಲಿ ಇದ್ದೀನಿ. ಇವತ್ತು ಸಂಪ್ ಅಗೆಸಿಬಿಡಿ. ಈಶಾನ್ಯ ಮೂಲೇಲಿ ಎಂಟು ಆರು ಮಾರ್ಕ್ ಮಾಡ್ಸಿ. ಮೇಸ್ತ್ರಿಗೆ ಹೇಳಿದೀನಿ, ನೀವು ತೋರ್ಸಿದ ಕಡೆ ಅಗೀತಾರೆ. ಗೌಡ್ರು ವಾಸ್ತು ಅಂದ್ರೆ ಪ್ರಾಣ ಬಿಡ್ತಾರೆ, ನೆನಪಿರ್ಲಿ." ಸಂಪ್ ಎಂದರೆ ನೆಲದೊಳಗಿನ ನೀರಿನ ತೊಟ್ಟಿ. ವಾಸ್ತುವಿನ ಪ್ರಕಾರ ನೀರು ಈಶಾನ್ಯದ ದೇವಮೂಲೆಯಲ್ಲಿ, ಒಲೆ ಆಗ್ನೇಯದ ಅಗ್ನಿಮೂಲೆಯಲ್ಲಿ. ಇವೆರಡು ಅದಲುಬದಲಾದರೆ ಆ ಮನೆಯಲ್ಲಿ ಮದುವೆಯಿಂದ ಹಿಡಿದು ಮಂಡಿನೋವಿನವರೆಗೆ ಏನೇ ತೊಂದರೆಯಾದರೂ ಎಂಜಿನಿಯರೇ ಹೊಣೆ. ಪ್ಲ್ಯಾನಿನ ಹಾಳೆ ಸದಾಶಿವಯ್ಯನವರ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಸ್ಕೂಟರು ದರ್ಶಿನಿಯ ಮುಂದೆ ಇತ್ತು.

ಇಲ್ಲಿ ನನ್ನ ಓದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದಿಕ್ಕು, ಕೋನ, ದೂರಗಳನ್ನು ಅಳೆಯುವುದಕ್ಕೆ ನಮಗೆ ಸರ್ವೆ ಎಂಬ ಪಾಠವಿತ್ತು. ಎಂಟು ಜನರಿಗೆ ಒಂದು ಉಪಕರಣ. ಒಬ್ಬ ಅದರಲ್ಲಿ ಕಣ್ಣಿಡುತ್ತಿದ್ದ, ಒಬ್ಬ ಬರೆದುಕೊಳ್ಳುತ್ತಿದ್ದ, ಒಬ್ಬ ದೂರದಲ್ಲಿ ಕೋಲು ಹಿಡಿಯುತ್ತಿದ್ದ, ನಾಲ್ಕು ಜನ ಕ್ಯಾಂಟೀನಿನಲ್ಲಿ ಇರುತ್ತಿದ್ದರು. ಉಪಕರಣಕ್ಕೆ ಬಿಸಿಲು ತಾಗದಂತೆ ಛತ್ರಿ ಹಿಡಿಯುವವನು ನಾನು. ಇಡೀ ವರ್ಷ ಹಿಡಿದೆ. ಪರೀಕ್ಷೆಯಲ್ಲಿ ನನಗೆ ಐವತ್ತಕ್ಕೆ ನಲವತ್ತಾರು ಬಂತು. ವರ್ಷವಿಡೀ ಛತ್ರಿಯ ಕೆಳಗೆ ನಿಂತಿದ್ದರಿಂದ ನನಗೂ ಸೂರ್ಯನಿಗೂ ಅಂಥ ಪರಿಚಯ ಬೆಳೆಯಲಿಲ್ಲ.

"ಈಶಾನ್ಯ ಯಾವ ಕಡೆ ತಗೊಳ್ಳೋಣ ಸಾರ್?" ಎಂದು ಮುನಿಯಪ್ಪನವರು ಸುಣ್ಣದ ಪುಡಿಯ ಬಾಂಡ್ಲಿ ಹಿಡಿದು ಬಂದರು. ಕೇಳಿದ್ದು ಮರ್ಯಾದೆಗೆ ಎಂದು ಈಗ ತಿಳಿಯುತ್ತದೆ. ನಾನು ಗತ್ತಿನಿಂದ ಫೋನು ತೆಗೆದು ದಿಕ್ಸೂಚಿಯ ಆ್ಯಪ್ ತೆರೆದೆ. ನಾಲ್ಕು ಜನಕ್ಕೂ ಕಾಣಲಿ ಎಂದು ಸ್ವಲ್ಪ ಎತ್ತರದ ಜಾಗ ಹುಡುಕಿದೆ. ಹಿಂದಿನ ದಿನವಷ್ಟೇ ಲಾರಿಯಲ್ಲಿ ಬಂದು ಬಿದ್ದಿದ್ದ ಕಬ್ಬಿಣದ ಕಂಬಿಗಳ ಕಟ್ಟು ಸಿಕ್ಕಿತು. ಅದರ ಮೇಲೆ ಹತ್ತಿ ನಿಂತೆ. ಕಬ್ಬಿಣದ ರಾಶಿಯ ಮೇಲೆ ನಿಂತು ದಿಕ್ಸೂಚಿ ನೋಡಬಾರದು ಎಂದು ಏಳನೆಯ ಕ್ಲಾಸಿನ ಮಗುವಿಗೂ ಗೊತ್ತು. ನನಗೂ ಏಳನೆಯ ಕ್ಲಾಸಿನಲ್ಲಿ ಗೊತ್ತಿತ್ತು. ಆಮೇಲೆ ಎಂಜಿನಿಯರಿಂಗ್ ಸೇರಿದೆ.

ಮುಳ್ಳು ಗಿರಕಿ ಹೊಡೆದು ನಿಂತಿತು. ನಾನು ಕೈಚಾಚಿ ಒಂದು ಮೂಲೆ ತೋರಿಸಿದೆ. ಮುನಿಯಪ್ಪನವರು ಆ ಮೂಲೆಯನ್ನು ನೋಡಿದರು, ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಬೆಳಗಿನ ಒಂಬತ್ತು ಗಂಟೆ, ಒಂದು ಚೂರು ಮೋಡವಿಲ್ಲ.

"ಸಾರ್, ಸೂರ್ಯ ಈ ಕಡೆ ಅವ್ನಲ್ಲ?"

ನನ್ನ ಫೋನಿನ ಪ್ರಕಾರ ಸೂರ್ಯ ಆಗ ಉತ್ತರದಲ್ಲಿದ್ದ. ಯಾರನ್ನು ನಂಬುವುದು ಎಂಬ ಪ್ರಶ್ನೆ ಬಂದಾಗ ನಾನು ಕ್ಷಣವೂ ಯೋಚಿಸದೆ ಫೋನನ್ನು ನಂಬಿದೆ. "ಮೇಸ್ತ್ರಿ, ಸೂರ್ಯ ಯಾವಾಗ್ಲೂ ಕರೆಕ್ಟಾಗಿ ಪೂರ್ವದಲ್ಲೇ ಹುಟ್ಟಲ್ಲ. ಉತ್ತರಾಯಣ, ದಕ್ಷಿಣಾಯನ ಅಂತ ಇರುತ್ತೆ. ಸ್ವಲ್ಪ ಆ ಕಡೆ ಈ ಕಡೆ ಸರೀತಾನೆ" ಎಂದೆ.

"ಇಷ್ಟೊಂದಾ ಸಾರ್?"

"ಈ ವರ್ಷ ಸ್ವಲ್ಪ ಜಾಸ್ತಿ" ಎಂದೆ. ಈ ಮಾತು ನೆನಪಾದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅವರು ಇನ್ನೊಂದು ಸಲ ಕೇಳಿದರು, ನಾನು ಇನ್ನೊಂದು ಸಲ ಫೋನು ತೋರಿಸಿದೆ. ಅವರು ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಗೆರೆ ಎಳೆದರು. ನಾಲ್ಕು ಜನ ಗುದ್ದಲಿ ಎತ್ತಿದರು. ನಾನು ಆ ಗೆರೆಯ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಂಡೆ.

ಸಂಜೆ ಐದರ ಹೊತ್ತಿಗೆ ಗುಂಡಿ ನನ್ನ ತಲೆಯ ಎತ್ತರಕ್ಕೆ ಇಳಿದಿತ್ತು. ಹೆಮ್ಮೆಯಿಂದ ಅದರ ಸುತ್ತ ಪ್ರದಕ್ಷಿಣೆ ಹಾಕುವಾಗ ಬಿಸಿಲು ನೇರ ಕಣ್ಣಿಗೆ ಬಡಿಯಿತು. ಲೆಕ್ಕ ಹಾಕಿದೆ. ನನ್ನ ಪ್ರಕಾರ ಸೂರ್ಯ ಈಗ ದಕ್ಷಿಣದಲ್ಲಿ ಮುಳುಗಲು ಹೊರಟಿದ್ದ. ಉತ್ತರದಲ್ಲಿ ಹುಟ್ಟಿ ದಕ್ಷಿಣದಲ್ಲಿ ಮುಳುಗುವಷ್ಟು ಸರಿದಾಟ ಯಾವ ಅಯನದಲ್ಲೂ ಇಲ್ಲ ಎಂಬುದು ನನಗೂ ಹೊಳೆಯಿತು. ಅಜ್ಜಿಯ ಕುರ್ಚಿಯ ಹತ್ತಿರ ಹೋಗಿ, ಕಂಬಿಗಳಿಂದ ದೂರ ನಿಂತು ಫೋನು ತೆಗೆದೆ. ಮುಳ್ಳು ನಿಧಾನವಾಗಿ ಕಾಲು ಸುತ್ತು ತಿರುಗಿ, ಏನೂ ಆಗದಂತೆ ನಿಂತಿತು. ನಾನು ನೀರಿನ ತೊಟ್ಟಿಯನ್ನು ತೋಡಿಸಿದ್ದು ಸರಿಯಾಗಿ ಅಗ್ನಿಮೂಲೆಯಲ್ಲಿ, ಗೌಡರ ಮನೆಯ ಒಲೆ ಬರಬೇಕಾದ ಜಾಗದಲ್ಲಿ.

ನಿಂಗಮ್ಮಜ್ಜಿ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಏನಪ್ಪಾ, ಈಗಿನ ಇಸ್ಕೂಲ್ಗಳಲ್ಲಿ ಸೂರ್ಯ ಎಲ್ಲಿ ಹುಟ್ತಾನೆ ಅಂತ ಹೇಳ್ಕೊಡಾಕಿಲ್ವಾ?" ಎಂದರು.

"ಅಜ್ಜಿ, ನಿಮಗೆ ಬೆಳಗ್ಗೇನೇ ಗೊತ್ತಿತ್ತಾ?"

"ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ರಾಗಿ ಕೊಯ್ದೋಳು ನಾನು, ಗೊತ್ತಾಗಾಕಿಲ್ವಾ? ಎಂಜಿನಿಯರು ಅಲ್ಲಿ ಏನೋ ಕಂಡವ್ನೆ ಅಂದ್ಕೊಂಡು ಸುಮ್ಕಿದ್ದೆ."

ಮುನಿಯಪ್ಪನವರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ತೀರ ಧೈರ್ಯದಿಂದೇನಲ್ಲ, ಬೇರೆ ದಾರಿ ಇರಲಿಲ್ಲ. ಮರುದಿನ ಬೆಳಗ್ಗೆ ಗೌಡರು ಮತ್ತು ಸದಾಶಿವಯ್ಯ ಇಬ್ಬರೂ ಸಂಪ್ ನೋಡಲು ಬರುವವರಿದ್ದರು. ಗೌಡರು ಅಗ್ನಿಮೂಲೆಯ ಗುಂಡಿ ನೋಡಿದರೆ ಸದಾಶಿವಯ್ಯನವರ ಕೆಲಸ ಹೋಗುತ್ತದೆ, ಅವರ ಕೆಲಸ ಹೋದರೆ ನನ್ನ ಸರ್ಟಿಫಿಕೇಟ್ ಹೋಗುತ್ತದೆ, ಅದು ಹೋದರೆ ಸೆಮಿಸ್ಟರ್, ಆಮೇಲೆ ಇಡೀ ಒಂದು ವರ್ಷ. ಅದರಾಚೆಗೆ ವಾಟ್ಸಾಪ್ ಗುಂಪಿನಲ್ಲಿ ಅತ್ತೆ ಕಾದಿದ್ದರು. "ನೀವು ಯಾಕೆ ನನ್ನ ತಡೀಲಿಲ್ಲ ಮೇಸ್ತ್ರಿ?" ಎಂದೆ, ತಪ್ಪು ಅವರದೇ ಎನ್ನುವ ಹಾಗೆ.

"ಎರಡು ಸಲ ಕೇಳಿದ್ನಲ್ಲ ಸಾರ್. ಓದಿರೋರು ಎರಡು ಸಲಾನೂ ಅದೇ ಮಾತು ಹೇಳಿದ್ರೆ ನಾವು ಗುದ್ದಲಿ ಎತ್ತಬೇಕು, ಇನ್ನೇನ್ ಮಾಡಾದು" ಎಂದು ಅವರು ಕೈ ತೊಳೆದು ಟವಲಿನಿಂದ ಮುಖ ಒರೆಸಿಕೊಂಡರು. "ನಾಳೆ ನೀವು ಬಾಯಿ ಬಿಡಬ್ಯಾಡಿ. ನಾನ್ ನೋಡ್ಕೋತೀನಿ."

ಮರುದಿನ ಗೌಡರು ಬಂದು ಗುಂಡಿಯ ಅಂಚಿನಲ್ಲಿ ನಿಂತರು. ಬಿಳಿ ಪಂಚೆ, ಬಿಳಿ ಶರ್ಟು, ಕೆಂಪಾಗುತ್ತಿರುವ ಮುಖ. "ಏನ್ರೀ ಇದು? ಅಗ್ನಿಮೂಲೇಲಿ ನೀರಾ?" ಎಂದರು. ಸದಾಶಿವಯ್ಯ ಜೇಬಿನ ಪೆನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಅವರು ಮೊಟ್ಟಮೊದಲ ಬಾರಿಗೆ ನಿಜವಾಗಿಯೂ ಸೈಟಿನಲ್ಲಿದ್ದರು. ನಾನು ಹೆಲ್ಮೆಟ್ಟನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡೆ. ಮುನಿಯಪ್ಪನವರು ಮಾತ್ರ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ನಿಧಾನವಾಗಿ ಹೇಳಿದರು: "ಇದು ಸಂಪ್ ಅಲ್ಲ ಗೌಡ್ರೇ. ಟೆಸ್ಟ್ ಗುಂಡಿ. ಅಡೀಲಿ ಮಣ್ಣು ಹೆಂಗೈತೆ, ಬಂಡೆ ಬರುತ್ತಾ, ಸಡಿಲ ಐತಾ ಅಂತ ನೋಡಾಕೆ ನಮ್ಮ ಎಂಜಿನಿಯರ್ ಸಾರ್ ಹೊಡೆಸವ್ರೆ. ಬಾರ ಬೀಳಾ ಮೂಲೆ ಅಲ್ವಾ, ಮೊದ್ಲು ನೋಡ್ಬಿಡಾದು ವಾಸಿ."

ಎಲ್ಲರೂ ನನ್ನತ್ತ ತಿರುಗಿದರು. ಸದಾಶಿವಯ್ಯ ಗುಂಡಿ ನೋಡಿದರು, ಪಕ್ಕದ ಕಂಬಿಯ ರಾಶಿ ನೋಡಿದರು, ನನ್ನ ಕೈಯಲ್ಲಿದ್ದ ಫೋನು ನೋಡಿದರು. ಇಪ್ಪತ್ತೈದು ವರ್ಷಗಳ ಅನುಭವ ಎಂದರೆ ಏನೆಂದು ಆಗ ಕಂಡೆ. ಅವರಿಗೆ ಎಲ್ಲವೂ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. "ಹ್ಞಾಂ ಮತ್ತೆ! ಸಾಯಿಲ್ ಇನ್ವೆಸ್ಟಿಗೇಷನ್. ನಮ್ಮಲ್ಲಿ ಎಲ್ಲಾ ಸೈಂಟಿಫಿಕ್ ಗೌಡ್ರೇ, ಬೇರೆಯೋರ ಥರ ಕಣ್ಣು ಮುಚ್ಚಿ ಅಗಿಯಲ್ಲ" ಎಂದರು. ಗೌಡರ ಮುಖದ ಕೆಂಪು ಇಳಿಯಿತು. ನನ್ನ ಬೆನ್ನು ತಟ್ಟಿ, "ಈ ವಯಸ್ಸಿಗೆ ಎಷ್ಟು ಮುಂದಾಲೋಚ್ನೆ ನೋಡ್ರಿ" ಎಂದರು. ಕುರ್ಚಿಯಲ್ಲಿ ಕೂತಿದ್ದ ಅಜ್ಜಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂಬುದು ನನಗೆ ಗೊತ್ತಿತ್ತು.

ಗೌಡರು ಹೋದ ಮೇಲೆ ಸದಾಶಿವಯ್ಯ ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದು ಸಿದ್ಧನಾಗಿದ್ದೆ. "ಸರ್ಟಿಫಿಕೇಟ್ ಬೇಕೇನ್ರೀ?" ಎಂದು ಮೆಲ್ಲಗೆ ಕೇಳಿದರು. ಬೇಕು ಎಂದೆ. "ಹಾಗಿದ್ರೆ ಆ ಹೆಲ್ಮೆಟ್ ತೆಗೆದಿಟ್ಟು ಗುಂಡಿ ಮುಚ್ಚಿ. ಆಳುಗಳು ಆ ಕಡೆ ಸಂಪ್ ಅಗೀತಾರೆ, ಇದು ನಿಮ್ದು" ಎಂದರು.

ನಾಲ್ಕು ದಿನ ಮುಚ್ಚಿದೆ. ಮಣ್ಣನ್ನು ಎಳೆದು ಗುಂಡಿಗೆ ತಳ್ಳಿದರೆ ಮುಗಿಯಿತು ಎಂದುಕೊಂಡಿದ್ದೆ. ಮುನಿಯಪ್ಪನವರು ಬಿಡಲಿಲ್ಲ. ಅರ್ಧ ಅಡಿ ಮಣ್ಣು, ಅದರ ಮೇಲೆ ನೀರು, ಅದು ಇಂಗಿದ ಮೇಲೆ ದಿಮ್ಮಸು ಹಿಡಿದು ಕುಟ್ಟಬೇಕು. ಆಮೇಲೆ ಇನ್ನರ್ಧ ಅಡಿ. "ಇಲ್ಲಿ ಅಡುಗೆಮನೆ ಬರ್ತದೆ ಸಾರ್. ಸಡಿಲ ಬಿಟ್ರೆ ನಾಳೆ ನೆಲ ಕುಸೀತದೆ, ಹೆಣ್ಮಕ್ಕಳು ಬಿಸಿ ಪಾತ್ರೆ ಇಳಿಸೋ ಜಾಗ" ಎಂದರು. ನನ್ನ ಪುಸ್ತಕದಲ್ಲಿ ಮಣ್ಣನ್ನು ಗಟ್ಟಿ ಮಾಡುವ ಬಗ್ಗೆ ಮೂವತ್ತು ಪುಟಗಳಿದ್ದವು, ಸೂತ್ರಗಳಿದ್ದವು, ನಕ್ಷೆಗಳಿದ್ದವು. ಅದರ ಮೇಲೆ ನಡೆಯುವವರು ಯಾರು ಎಂದು ಒಂದು ಸಾಲೂ ಇರಲಿಲ್ಲ. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು. ನಿಂಗಮ್ಮಜ್ಜಿ ಎಣ್ಣೆ ಅರಿಶಿನ ಕಲಸಿ ಕೊಟ್ಟು, "ಎಂಜಿನಿಯರು ಅಂದ್ರೆ ಏನ್ ಕೆಲ್ಸ ಅಂತ ಇಷ್ಟ್ ದಿನ ತಿಳಿದಿರಲಿಲ್ಲ ಕಣಪ್ಪ. ಒಂದಿನ ತೋಡ್ಸಾದು, ನಾಕ್ ದಿನ ಮುಚ್ಚಾದು" ಎಂದರು. ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.

ಸರ್ಟಿಫಿಕೇಟ್ ಬಂತು. ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದನ್ನು ಓದಿ, "ಓಹೋ, ಮಣ್ಣಿನ ಪರೀಕ್ಷೆ ಮಾಡಿದೀರಾ? ಏನ್ ಕಂಡ್ರಿ?" ಎಂದರು. ನನ್ನ ಮುಂಚೆ ಹೋದವರೆಲ್ಲ ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ಒಪ್ಪಿಸಿ ಬಂದಿದ್ದರು. ನಾನು ಹೇಳತೊಡಗಿದೆ: ಮೇಲೆ ಒಂದಡಿ ಕಪ್ಪು ಹೊಲದ ಮಣ್ಣು, ಕೆಳಗೆ ಮೂರಡಿ ಕೆಂಪು, ಆಮೇಲೆ ಗುದ್ದಲಿ ಟಣ್ ಎನ್ನುವ ಗರಸು. ಯಾವ ಮಣ್ಣು ಎಷ್ಟು ನೀರು ಕುಡಿಯುತ್ತದೆ, ಯಾವುದು ಕುಟ್ಟಿದಷ್ಟೂ ಕೂರುತ್ತದೆ, ಯಾವುದು ದಿಮ್ಮಸಿಗೆ ಅಂಟಿಕೊಳ್ಳುತ್ತದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ನಾಲ್ಕು ವರ್ಷಗಳ ಓದಿನಲ್ಲಿ ಉರು ಹೊಡೆಯದೆ ನಾನು ಕೊಟ್ಟ ಉತ್ತರ ಅದೊಂದೇ. ಅತಿ ಹೆಚ್ಚು ಅಂಕವೂ ಅದಕ್ಕೇ ಬಂತು. ಮುನಿಯಪ್ಪನವರಿಗೆ ಒಂದು ಫೋನು ಮಾಡಿ ಹೇಳಬೇಕು ಎಂದುಕೊಂಡೆ, ಮಾಡಲಿಲ್ಲ. ಹೇಳಿದರೆ ನನ್ನ ಅಂಕಗಳಲ್ಲಿ ಅವರ ಪಾಲು ಎಷ್ಟೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಆಮೇಲೆ ಒಂದು ದಿನ ಅವರು ಕೆಲಸ ಬಿಟ್ಟು ಊರಿಗೆ ಹೋದರು ಎಂದು ತಿಳಿಯಿತು. ಆ ಫೋನು ಮಾಡದಿದ್ದದ್ದು ನನಗೆ ಗುಂಡಿಗಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ಈಗ ಕಾರಣಕ್ಕೆ ಬರುತ್ತೇನೆ. ಮೊನ್ನೆ ಜೆ.ಪಿ. ನಗರದ ಕಡೆ ಒಂದು ಹೊಸ ಸೈಟು ಒಪ್ಪಿಕೊಂಡೆ. ಮನೆ ಕಟ್ಟಿಸುವವರು ಕೃಷ್ಣೇಗೌಡರ ಬೀಗರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಪೂಜೆ ಮುಗಿಸಿ ಕೈಗೆ ತೆಂಗಿನಕಾಯಿ ಹೋಳು ಕೊಡುತ್ತ, "ಸಾರ್, ಒಂದು ವಿಷ್ಯ. ಸಂಪ್ ಅಗೆಯೋ ಮುಂಚೆ ಅಗ್ನಿಮೂಲೇಲಿ ಎಂಟು ಆರು ಟೆಸ್ಟ್ ಗುಂಡಿ ತೋಡಿ ಮುಚ್ಚಬೇಕು. ನಮ್ಮ ಬೀಗರ ಮನೇಲಿ ಹಂಗೇ ಮಾಡಿದ್ದು. ಆ ಮನೆಗೆ ಒಕ್ಕಲು ಹೋದ್ಮೇಲೆ ಒಂದೇ ವರ್ಷದಲ್ಲಿ ಇಬ್ರು ಹೆಣ್ಮಕ್ಕಳ ಮದ್ವೆ ಆಯ್ತು. ಈಗ ನಮ್ಮ ನೆಂಟರಲ್ಲಿ ಯಾರೇ ಮನೆ ಕಟ್ಟಲಿ, ಅದನ್ನ ಬಿಡಲ್ಲ. ಮುಚ್ಚಾಕೆ ಮಾತ್ರ ನಾಕ್ ದಿನ ತಗೋಬೇಕಂತೆ" ಎಂದರು. "ಹಳೇ ಕಾಲದ ಶಾಸ್ತ್ರ ಸಾರ್, ನಿಮ್ಮಂಥ ಓದಿದೋರಿಗೆ ಗೊತ್ತಿರಕ್ಕಿಲ್ಲ" ಎಂದೂ ಸೇರಿಸಿದರು.

ಸತ್ಯ ಹೇಳಲು ದೇವರು ಕೊಟ್ಟ ಅವಕಾಶ ಅದು. ತೆಂಗಿನಕಾಯಿ ಕೈಯಲ್ಲಿತ್ತು, ಎದುರಿಗೆ ದೀಪ ಉರಿಯುತ್ತಿತ್ತು. "ಗೊತ್ತು ಯಜಮಾನ್ರೇ. ಬಹಳ ಹಳೇ ಪದ್ಧತಿ" ಎಂದೆ.

"ಹಾಗಾದ್ರೆ ತೋರ್ಸಿ ಸಾರ್, ಅಗ್ನಿಮೂಲೆ ಯಾವ ಕಡೆ?" ಎಂದು ಹೊಸ ಮೇಸ್ತ್ರಿ ಸುಣ್ಣದ ಬಾಂಡ್ಲಿ ಹಿಡಿದು ಬಂದ. ಪ್ಲ್ಯಾನು ಕಾರಿನಲ್ಲಿತ್ತು, ಕಾರು ದೂರದಲ್ಲಿ ದರ್ಶಿನಿಯ ಮುಂದಿತ್ತು. ಕೈ ತಾನಾಗಿಯೇ ಫೋನಿನ ಜೇಬಿಗೆ ಹೋಯಿತು. ಸುತ್ತ ನೋಡಿದರೆ ಬರೀ ಕಂಬಿಯ ರಾಶಿ. ಕೈ ಹಿಂದೆಗೆದು ತಲೆ ಎತ್ತಿದೆ. ಆಕಾಶದ ತುಂಬ ಮೋಡ. ಪಕ್ಕದ ಮನೆಯ ಗೇಟಿನ ಬಳಿ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲರೂ ನೋಡುತ್ತಿರುವಂತೆಯೇ ಅವರ ಬಳಿ ಹೋಗಿ, ದನಿ ತಗ್ಗಿಸಿ, "ಅಜ್ಜಿ, ಇಲ್ಲಿ ಸೂರ್ಯ ಯಾವ ಕಡೆ ಹುಟ್ತಾನೆ?" ಎಂದು ಕೇಳಿದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೈ ಎತ್ತಿ ತೋರಿಸಿ, ಮರುಕದಿಂದ ಕೇಳಿದರು: "ನಿಮ್ಮ ಜೊತೆ ಎಂಜಿನಿಯರು ಯಾರೂ ಬಂದಿಲ್ವೇನಪ್ಪಾ?"